ದಾಂಪತ್ಯದ ಇಡುಗಂಟು

ವಿವಾಹವೆಂಬುದು ಎರಡು ಮನಸ್ಸುಗಳ ಮಾತೆಂದು ಎಲ್ಲರೂ ಹೇಳುತ್ತಾರೆ. ಆದರೆ ಹಣದ ಮಾತೇ ಇಲ್ಲದೆ ನೆರವೇರಿದ ವಿವಾಹವನ್ನು ಕಂಡವರು ವಿರಳ. ಹೆಣ್ಣು ಕೊಡತಕ್ಕ ತಂದೆಯು ಗಂಡಿನ ಮನೆಯ ಹೊಲವೆಷ್ಟು, ನೀರಾವರಿಯೆಷ್ಟು, ಸಾಲವೆಷ್ಟು ಎಂದು ವಿಚಾರಿಸಿಯೇ ವಿಚಾರಿಸುತ್ತಾನೆ. ಅದನ್ನು ನಾವು ಲೋಕಜ್ಞಾನವೆನ್ನುತ್ತೇವೆಯೇ ಹೊರತು ಲೋಭವೆನ್ನುವುದಿಲ್ಲ. ಮಗಳು ಉಪವಾಸವಿರಬಾರದೆಂಬ ವಾತ್ಸಲ್ಯವೇ ಆ ಪ್ರಶ್ನೆಯ ಮೂಲ. ಆದರೆ ಈಚಿನ ದಿನಗಳಲ್ಲಿ ಈ ವಿಚಾರಣೆಗೆ ಮೂರನೆಯವನೊಬ್ಬನು ಬಂದು ಕುಳಿತಿದ್ದಾನೆ. ಅವನು ಬೀಗನಲ್ಲ, ಪುರೋಹಿತನಲ್ಲ, ಊರ ಹಿರಿಯನಲ್ಲ. ಅವನು ಪರದೇಶದ ಸರ್ಕಾರ. ಗಂಡನು ಅಲ್ಲಿ, ಹೆಂಡತಿಯು ಇಲ್ಲಿ; ಇವಳು ಅವನನ್ನು ಸೇರಬೇಕಾದರೆ ಆ ಸರ್ಕಾರವು ಕೇಳುವ ಮೊದಲನೆಯ ಪ್ರಶ್ನೆಗಳಲ್ಲಿ ಒಂದು, “ನಿಮ್ಮಲ್ಲಿ ಎಷ್ಟು ಹಣವಿದೆ?” ಎಂಬುದು.

ಬಳ್ಳಾರಿಯ ವೈದ್ಯವಿದ್ಯಾಲಯದಿಂದಲೂ, ಇಂಜನಿಯರಿಂಗು ಕಾಲೇಜುಗಳಿಂದಲೂ ಹೊರಬಂದ ತರುಣ ತರುಣಿಯರು ಪರದೇಶಗಳಿಗೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಸಿರುಗುಪ್ಪದ ಗದ್ದೆಯ ಒಡೆಯರೂ, ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರೂ ಮಕ್ಕಳನ್ನು ಓದಿಸಿ ದೂರ ಕಳುಹಿಸುವ ಕಾಲವಿದು. ಹೀಗಿರಲು, ಕೂಡಿಟ್ಟ ಧನವನ್ನೂ ಆಸ್ತಿಯನ್ನೂ ತೋರಿಸಿ ದಾಂಪತ್ಯಕ್ಕೆ ಪ್ರವೇಶಾನುಮತಿ ಪಡೆಯುವ ಈ ವ್ಯವಹಾರವನ್ನು ಕುರಿತು ಧರ್ಮದೃಷ್ಟಿಯಿಂದ ಸ್ವಲ್ಪ ಆಲೋಚಿಸುವುದು ಅಪ್ರಸ್ತುತವಾಗಲಾರದು. ಇಲ್ಲಿ ಮೂರು ಪ್ರಶ್ನೆಗಳಿವೆ. ಹೀಗೆ ಕೇಳುವುದು ಆ ಸರ್ಕಾರಕ್ಕೆ ನ್ಯಾಯವೆ? ಕೇಳಿದುದನ್ನು ಯಾರ ಧನದಿಂದ ಪೂರೈಸಬಹುದು? ಪೂರೈಸುವಾಗ ಸತ್ಯಕ್ಕೆ ಎಷ್ಟರ ಮಟ್ಟಿಗೆ ಬದ್ಧರಾಗಿರಬೇಕು?

ವಿಷಯವನ್ನು ತೂಗುವುದಕ್ಕೆ ಮೊದಲು ಅದರ ಸ್ವರೂಪವನ್ನು ತಿಳಿಯಬೇಕಷ್ಟೆ. ಇಂಗ್ಲೆಂಡಿನ ನಿಯಮವನ್ನೇ ಮೊದಲು ನೋಡೋಣ. ಅಲ್ಲಿ ನೆಲೆಸಿರುವ ಪತಿಯೋ ಪತ್ನಿಯೋ ತನ್ನ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ಇಂತಿಷ್ಟು ವರ್ಷಾದಾಯವಿರಬೇಕೆಂದು 2012ರ ಜುಲೈ 9ರಿಂದ ಕಟ್ಟಳೆಯಾಯಿತು. ಆಗ ಅದು 18,600 ಪೌಂಡು; 2024ರ ಏಪ್ರಿಲ್ 11ರಿಂದ 29,000 ಪೌಂಡು. ಆದಾಯ ಸಾಲದವರಿಗೆ ಮತ್ತೊಂದು ಬಾಗಿಲುಂಟು. ಅದೇ ಕೂಡಿಟ್ಟ ಹಣದ ಬಾಗಿಲು. ಅದರ ಲೆಕ್ಕ ಹೀಗಿದೆ: ಉಳಿತಾಯದಲ್ಲಿ ಮೊದಲ 16,000 ಪೌಂಡನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮಿಕ್ಕುದನ್ನು ಎರಡೂವರೆಯಿಂದ ಭಾಗಿಸಿ ಬಂದ ಮೊತ್ತವನ್ನು ವರ್ಷದ ಆದಾಯಕ್ಕೆ ಸಮಾನವೆಂದು ಎಣಿಸುತ್ತಾರೆ. ಆದುದರಿಂದ ಆದಾಯವೇ ಇಲ್ಲದವನು 88,500 ಪೌಂಡು ತೋರಿಸಬೇಕು; ಇಂದಿನ ವಿನಿಮಯದಲ್ಲಿ ಇದು ಒಂದು ಕೋಟಿ ರೂಪಾಯಿಯ ಆಸುಪಾಸಿನ ಮೊತ್ತ. ವರ್ಷಕ್ಕೆ 24,000 ಪೌಂಡು ಗಳಿಸುವವನಿಗೆ ಕೊರತೆ 5,000 ಮಾತ್ರ. ಅವನು 28,500 ಪೌಂಡು ಉಳಿತಾಯ ತೋರಿಸಿದರೆ ಸಾಕು.

ಈ ಹಣವು ದಂಪತಿಗಳಲ್ಲಿ ಒಬ್ಬರ ಹೆಸರಿನಲ್ಲಿಯೋ ಇಬ್ಬರ ಹೆಸರಿನಲ್ಲಿಯೋ ಇರಬೇಕು; ಕನಿಷ್ಠ ಆರು ತಿಂಗಳಿಂದ ಅವರ ಸ್ವಾಧೀನದಲ್ಲಿರಬೇಕು. ತಂದೆತಾಯಿಗಳೋ ಬಂಧುಗಳೋ ಕೊಟ್ಟ ದಾನವಾದರೂ ಆಗಬಹುದು, ಆದರೆ ಸಾಲವಾಗಿರಕೂಡದು. ಹೊಲಮನೆಗಳು ಹಾಗೆಯೇ ನಿಂತಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಮಾರಿ ಹಣವಾದ ಮೇಲೆಯೇ ಬರುತ್ತವೆ. ಮಾರಿದ ಆಸ್ತಿಯು ದಂಪತಿಗಳದೇ ಆಗಿದ್ದರೆ, ಅದು ಅವರ ವಶದಲ್ಲಿದ್ದ ಕಾಲವನ್ನೂ ಆ ಆರು ತಿಂಗಳಿಗೆ ಸೇರಿಸಿಕೊಳ್ಳುವುದುಂಟು.

ಅಮೆರಿಕಾ ದೇಶದ ಪದ್ಧತಿ ಬೇರೆ. 1996ರ ಕಾನೂನಿನ ಪ್ರಕಾರ ಕರೆಸಿಕೊಳ್ಳುವವನು ಪೋಷಣೆಯ ಪ್ರಮಾಣಪತ್ರವೊಂದನ್ನು ಬರೆದುಕೊಡಬೇಕು. ಅವನ ಆದಾಯವು ಆ ಸರ್ಕಾರದವರು ಗೊತ್ತುಮಾಡಿದ ಬಡತನದ ರೇಖೆಗಿಂತ ನಾಲ್ಕನೆಯ ಒಂದು ಪಾಲು ಹೆಚ್ಚಿರಬೇಕು. 2025ರ ಲೆಕ್ಕದಂತೆ ಬಹುತೇಕ ರಾಜ್ಯಗಳಲ್ಲಿ ಇಬ್ಬರ ಸಂಸಾರಕ್ಕೆ ಇದು 26,437 ಡಾಲರು. ಕೊರತೆ ಬಿದ್ದರೆ, ಕರೆಸಿಕೊಳ್ಳುವವನು ಅಲ್ಲಿಯ ಪ್ರಜೆಯಾಗಿದ್ದ ಪಕ್ಷದಲ್ಲಿ, ಕೊರತೆಯ ಮೂರರಷ್ಟು ಬೆಲೆಯ ಆಸ್ತಿಯನ್ನು ತೋರಿಸಬಹುದು. ಇಲ್ಲಿ ಆಸ್ತಿಯನ್ನು ಮಾರಲೇಬೇಕೆಂದಿಲ್ಲ. ವರ್ಷದೊಳಗೆ ದೊಡ್ಡ ನಷ್ಟವಿಲ್ಲದೆ ಹಣವಾಗಿ ಮಾರ್ಪಡುವಂತಿದ್ದರೆ ಸಾಕು. ಬರತಕ್ಕವಳ ಸ್ವಂತ ಆಸ್ತಿಯನ್ನೂ ಎಣಿಸುತ್ತಾರೆ. ಆದರೆ ಬರೆದುಕೊಟ್ಟ ಆ ಹೊಣೆಯು ವಿವಾಹ ಮುರಿದರೂ ಮುರಿಯುವುದಿಲ್ಲವೆಂಬುದನ್ನು ಮರೆಯಬಾರದು. ಕೆನಡಾ ದೇಶದಲ್ಲಾದರೋ ಸಾಮಾನ್ಯವಾಗಿ ಪತಿಪತ್ನಿಯರ ವಿಷಯದಲ್ಲಿ ಇಂಥ ಕನಿಷ್ಠಾದಾಯದ ಮಿತಿಯನ್ನೇ ಇಟ್ಟಿಲ್ಲ. ಪೋಷಣೆಯ ಹೊಣೆಯನ್ನು ಮಾತ್ರ ಬರೆಯಿಸಿಕೊಳ್ಳುತ್ತಾರೆ. ಒಂದೇ ಪ್ರಶ್ನೆಗೆ ಮೂರು ದೇಶಗಳು ಮೂರು ಉತ್ತರಗಳನ್ನು ಕೊಟ್ಟಿವೆಯೆಂದ ಮೇಲೆ, ಇವುಗಳಲ್ಲಿ ಯಾವುದೂ ಪ್ರಕೃತಿನಿಯಮವಲ್ಲವೆಂಬುದು ಸ್ಪಷ್ಟ.

ಈಗ ಮೊದಲನೆಯ ಪ್ರಶ್ನೆ. ಸರ್ಕಾರದ ಪಕ್ಷವನ್ನು ಮೊದಲು ಕೇಳೋಣ. “ನಮ್ಮ ದೇಶಕ್ಕೆ ಬಂದವರು ನಮ್ಮ ಪ್ರಜೆಗಳ ತೆರಿಗೆಯ ಹಣದ ಮೇಲೆ ಬೀಳಬಾರದು. ತನ್ನ ಹೆಂಡತಿಯನ್ನು ಸಾಕಲಾರದವನು ಅವಳನ್ನು ನಮ್ಮ ಬಾಗಿಲಿಗೆ ತರಬಾರದು” ಎಂಬುದು ಅವರ ವಾದ. ಮೇಲೆ ಹೇಳಿದ 16,000 ಪೌಂಡಿನ ಗುಟ್ಟೂ ಇದೇ. ಅಷ್ಟು ಉಳಿತಾಯವುಳ್ಳವನಿಗೆ ಸಾಧಾರಣವಾಗಿ ಆ ದೇಶದ ಬಡವರ ನೆರವು ದೊರೆಯುವುದಿಲ್ಲ; ಆದಕಾರಣ ಅದಕ್ಕೆ ಮೇಲ್ಪಟ್ಟುದನ್ನೇ ನಿಜವಾದ ಬೆಂಬಲವೆಂದು ಎಣಿಸುವುದು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ನಮ್ಮ ಊರಿನ ತಂದೆಯೂ ಇದನ್ನೇ ಕೇಳುತ್ತಾನಲ್ಲವೆ?

ಆದರೆ ಎರಡಕ್ಕೂ ಒಂದು ಭೇದವುಂಟು. ತಂದೆಯು ಕೇಳಿದ ಮೇಲೆ ಕೂಡಿಸುವ ಮನಸ್ಸಿನಿಂದ ಕೇಳುತ್ತಾನೆ. ಗಂಡು ಬಡವನಾದರೂ ಗುಣವಂತನೆಂದು ಕಂಡರೆ ತನ್ನ ಎಣಿಕೆಯನ್ನು ಸಡಿಲಿಸುತ್ತಾನೆ. ಅಂಕೆಗೆ ಆ ಕಣ್ಣಿಲ್ಲ. 28,900 ಗಳಿಸುವ ಶ್ರಮಜೀವಿಗೂ 29,000 ಗಳಿಸುವವನಿಗೂ ನಡುವೆ ಗೃಹಸ್ಥಧರ್ಮದಲ್ಲಿ ಏನು ಅಂತರವಿದೆ? ಇನ್ನೊಂದು ಮಾತು. ಉಳಿತಾಯದ ಬಾಗಿಲು ಹಣವಿದ್ದವನಿಗೆ ಮಾತ್ರ ತೆರೆಯುತ್ತದೆ. ಅಜ್ಜನ ಗದ್ದೆಯನ್ನು ಮಾರಿ ತಂದ ಧನವನ್ನು ತೋರಿಸುವವನು ಒಂದು ದಿನವೂ ದುಡಿಯದವನಾಗಿದ್ದರೂ ಒಳಗೆ ಹೋಗುತ್ತಾನೆ. ರೋಗಿಗಳ ಶುಶ್ರೂಷೆ ಮಾಡಿ ಸ್ವಲ್ಪವೇ ಕಡಿಮೆ ಗಳಿಸುವವಳು ತನ್ನ ಗಂಡನನ್ನು ಕರೆಸಿಕೊಳ್ಳಲಾರದೆ ಹೊರಗೆ ನಿಲ್ಲಿಸಬೇಕಾಗುತ್ತದೆ. ಆ ದೇಶದ ಅತ್ಯುಚ್ಚ ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ, ಮಿತಿಯನ್ನಿಡುವುದು ತತ್ತ್ವತಃ ಕಾನೂನಿಗೆ ವಿರುದ್ಧವಲ್ಲವೆಂದು ಹೇಳಿತಾದರೂ, ಮಕ್ಕಳ ಹಿತವನ್ನು ನಿಯಮಗಳು ತಕ್ಕಷ್ಟು ಲೆಕ್ಕಿಸಿಲ್ಲವೆಂದೂ, ಇತರರ ನೆರವನ್ನು ಸಾರಾಸಗಟಾಗಿ ತಳ್ಳುವುದು ಸರಿಯಲ್ಲವೆಂದೂ ತೋರಿಸಿಕೊಟ್ಟಿತು. ಅದರಂತೆ ಅದೇ ವರ್ಷ ನಿಯಮಗಳಲ್ಲಿ ಕೆಲವು ಮಾರ್ಪಾಟುಗಳಾದುವು. ಆದುದರಿಂದ ನಮ್ಮ ನಿರ್ಣಯವಿಷ್ಟು: ಕೇಳುವ ಅಧಿಕಾರವು ಸರ್ಕಾರಕ್ಕೆ ಉಂಟು, ಆದರೆ ಕೇಳಿದ ಅಂಕೆಯು ಯಾವಾಗಲೂ ನ್ಯಾಯವಾಗಿರುವುದೆಂಬ ನಿಯಮವಿಲ್ಲ.

ಎರಡನೆಯ ಪ್ರಶ್ನೆಯು ನಮ್ಮ ಮನೆಯೊಳಗಿನದು; ಆದಕಾರಣ ಅದೇ ಹೆಚ್ಚು ಕಠಿನವಾದದ್ದು. ನಮ್ಮ ಸೀಮೆಯ ಸಂಪತ್ತು ಬ್ಯಾಂಕಿನ ಪುಸ್ತಕದಲ್ಲಿ ಇರುವುದು ಕಡಿಮೆ. ಅದು ತುಂಗಭದ್ರೆಯ ಕಾಲುವೆಯ ಕೆಳಗಿನ ಗದ್ದೆಯಲ್ಲಿದೆ, ಪೆಟ್ಟಿಗೆಯೊಳಗಿನ ಚಿನ್ನದಲ್ಲಿದೆ, ಅಂಗಡಿಯವನಿಂದ ಬರಬೇಕಾದ ಬತ್ತದ ಬಾಕಿಯಲ್ಲಿದೆ. ಬೆಳೆಯ ಹಣ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಬಂದದ್ದು ಗೊಬ್ಬರಕ್ಕೂ ಕೂಲಿಗೂ ಹಳೆಯ ಸಾಲಕ್ಕೂ ಹಂಚಿಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರ ಎದೆಯೇ ಒಡೆದಂತಾಯಿತಲ್ಲವೆ? ಇಂಥ ಜೀವನದಲ್ಲಿ ಒಂದು ಕೋಟಿ ರೂಪಾಯಿಯನ್ನು ಆರು ತಿಂಗಳು ಕದಲಿಸದೆ ಇಡುವುದೆಂದರೆ, ಅನೇಕ ಮನೆಗಳಿಗೆ, ಭೂಮಿಯನ್ನು ಮಾರುವುದೆಂದೇ ಅರ್ಥ.

ತಂದೆಯೊಬ್ಬನಿಗೆ ಮಗನೂ ಮಗಳೂ ಇದ್ದಾರೆಂದು ಭಾವಿಸೋಣ. ಮಗಳ ಗಂಡನು ಲಂಡನ್ನಿನಲ್ಲಿದ್ದಾನೆ. ಗದ್ದೆಯನ್ನು ಮಾರಿದರೆ ಮಗಳು ಗಂಡನನ್ನು ಸೇರಬಲ್ಲಳು. ಮಾರದಿದ್ದರೆ ವರ್ಷಗಳ ವಿರಹ. ಮಾರಬೇಕೆ? ಇಲ್ಲಿ ವಾತ್ಸಲ್ಯವು ಒಂದು ಉತ್ತರವನ್ನು ಹೇಳುತ್ತದೆ. ಧರ್ಮವು ಒಂದೆರಡು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಉತ್ತರ ಹೇಳುತ್ತದೆ. ಆ ಗದ್ದೆ ಪಿತ್ರಾರ್ಜಿತವೆ? ಹಾಗಾದರೆ ಅದರಲ್ಲಿ ಮಗನಿಗೂ ಮಗಳಿಗೂ ಸಮವಾದ ಹಕ್ಕುಂಟು. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಇದು ಕಾನೂನಾಗಿದೆ. ಹಾಗಿರಲು, ಮಗಳ ಪಾಲಿನಷ್ಟನ್ನು ಅವಳ ಹೆಸರಿಗೆ ಮಾಡುವುದು ತಂದೆಯ ಔದಾರ್ಯವಲ್ಲ, ಅವಳಿಗೆ ಸಲ್ಲಬೇಕಾದ ಋಣ. ಆದರೆ ಅವಳ ಪಾಲನ್ನು ಮೀರಿ ಮಗನ ಪಾಲಿಗೆ ಕೈಹಾಕುವುದಾದರೆ, ಅವನನ್ನು ಕೇಳದೆ ಮಾಡುವುದು ಅನ್ಯಾಯ. ಎರಡನೆಯದಾಗಿ, ಮುದುಕ ಮುದುಕಿಯರಿಗೆ ನಾಳೆಯ ಗಂಜಿಯೆಲ್ಲಿಂದ? ಮಗಳು ಪರದೇಶಕ್ಕೆ ಹೋದ ಮೇಲೆ ಅವರ ಪಕ್ಕದಲ್ಲಿ ಉಳಿಯುವುದು ಆ ಭೂಮಿಯೊಂದೇ. ಮಕ್ಕಳು ತಮ್ಮ ಕೂಟಕ್ಕಾಗಿ ಹೆತ್ತವರ ಮುಪ್ಪನ್ನು ಒತ್ತೆಯಿಡುವುದು, ಹೆತ್ತವರೇ ಸಂತೋಷದಿಂದ ಒಪ್ಪಿದರೂ, ಸುಲಭವಾಗಿ ಸ್ವೀಕರಿಸತಕ್ಕ ಕೊಡುಗೆಯಲ್ಲ.

ಚಿನ್ನದ ಮಾತು ಇನ್ನೂ ಸೂಕ್ಷ್ಮವಾದದ್ದು. ಏಕೆಂದರೆ ಅದು ಸ್ತ್ರೀಧನ. ಸ್ತ್ರೀಧನದ ವಿಚಾರದಲ್ಲಿ ನಾವು ದೂರದ ದೇಶದ ಪಂಡಿತರನ್ನು ಕೇಳಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. ಕುರುಗೋಡಿನ ಸಿಂದರು ಅದೇ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದವರು. ಆದುದರಿಂದ ಅವನು ನಮ್ಮ ನೆರೆಯವನೇ ಸರಿ. ತವರಿನಿಂದ ಬಂದುದನ್ನು ಮಾತ್ರವಲ್ಲದೆ, ಉತ್ತರಾಧಿಕಾರದಿಂದಲೂ ಕ್ರಯದಿಂದಲೂ ಬಂದುದನ್ನು ಸಹ ಅವನು ಸ್ತ್ರೀಧನವೆಂದು ವಿಶಾಲವಾಗಿ ಅರ್ಥಮಾಡಿದನು. ಗಂಡನು ಅದನ್ನು ತೆಗೆದುಕೊಂಡು ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳನ್ನು ಸ್ಮೃತಿಯು ನಾಲ್ಕಕ್ಕೇ ಸೀಮಿತಗೊಳಿಸಿದೆ: ದುರ್ಭಿಕ್ಷ, ಅವಶ್ಯಕವಾದ ಧರ್ಮಕಾರ್ಯ, ವ್ಯಾಧಿ, ಸೆರೆ. ಧಾತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 78ರ ವರೆಗೆ, ಬಳ್ಳಾರಿ ಸೀಮೆಯನ್ನು ಸುಟ್ಟ ಬರವನ್ನು ಬಲ್ಲವರಿಗೆ, ಹೆಂಡತಿಯ ಮೈಮೇಲಿನ ಒಡವೆಯು ಕಾಳಾಗಿ ಕರಗಿದುದು ಏಕೆ ಅಧರ್ಮವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೀಸಾ ಈ ನಾಲ್ಕರಲ್ಲಿ ಯಾವುದಕ್ಕೆ ಸೇರಿತು? ದಂಪತಿಗಳ ನಡುವೆ ಸಮುದ್ರವನ್ನೂ ಕಾನೂನನ್ನೂ ಇಟ್ಟು ತಡೆದಿರುವುದು ಒಂದು ಬಗೆಯ ಸೆರೆಯೇ ಎಂದು ಜಾಣರು ವಾದಿಸಬಹುದು. ನಮಗೆ ಆ ವಾದವು ಹಿಡಿಸುವುದಿಲ್ಲ. ಆ ನಾಲ್ಕೂ ನಾವಾಗಿ ಆರಿಸಿಕೊಳ್ಳದೆ ಬಂದೊದಗುವ ವಿಪತ್ತುಗಳು, ಇಲ್ಲವೆ ತಪ್ಪಿಸಿಕೊಳ್ಳಲಾಗದ ಕರ್ತವ್ಯಗಳು. ಪರದೇಶದಲ್ಲಿ ಸಂಸಾರ ಹೂಡುವುದಾದರೋ ಆರಿಸಿಕೊಂಡ ದಾರಿ. ಆದರೆ ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಈ ನಿಯಮವು ಹಣವನ್ನು ಖರ್ಚುಮಾಡೆಂದು ಕೇಳುವುದಿಲ್ಲ; ಇಟ್ಟುಕೊಂಡಿದ್ದೇವೆಂದು ತೋರಿಸಬೇಕೆಂದು ಕೇಳುತ್ತದೆ. ಇಡುಗಂಟು ವ್ಯಯವಾಗುವುದಿಲ್ಲ, ಬಂಧಿತವಾಗುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು ಎರಡೂವರೆ ವರ್ಷಗಳ ಮೇಲೆ ಅನುಮತಿಯನ್ನು ಮುಂದುವರಿಸುವಾಗ ಮತ್ತೆ ಲೆಕ್ಕ ಕೇಳುತ್ತಾರೆ. ಅಷ್ಟರಲ್ಲಿ ಆದಾಯವು ಬೆಳೆದಿದ್ದರೆ ಗಂಟಿಗೆ ಬಿಡುಗಡೆ, ಇಲ್ಲವಾದರೆ ಅದು ಇನ್ನೂ ಇರಬೇಕು. ಹೀಗಿರಲು, ಸ್ತ್ರೀಧನವು ಅವಳ ಹೆಸರಿನಲ್ಲಿಯೇ, ಅವಳ ಸಹಿಯಿಂದಲೇ ಚಲಿಸುವಂತೆ ಇರುವುದಾದರೆ, ಅದನ್ನು ತೋರಿಸುವುದರಿಂದ ಧರ್ಮಹಾನಿಯಿಲ್ಲ. ನಿಯಮವೂ ಇದಕ್ಕೆ ಅಡ್ಡಿಯಿಲ್ಲ. ಖಾತೆಯು ಅರ್ಜಿದಾರಳೊಬ್ಬಳದೇ ಆಗಿರಬಹುದು. ಒಡವೆಯನ್ನು ಮಾರಿ ಬಂದ ಹಣವನ್ನು ಗಂಡನ ಖಾತೆಗೆ ಸುರಿಯಬೇಕೆಂದು ಯಾರಾದರೂ ಹೇಳಿದರೆ, ಆ ಮಾತು ಇಂಗ್ಲೆಂಡಿನ ಕಾನೂನಿನದಲ್ಲ, ನಮ್ಮವರ ಹಳೆಯ ದುರಾಸೆಯದು. 1985ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಧನವು ಹೆಂಡತಿಗೆ ಮಾತ್ರ ಸೇರಿದ ಸ್ವತ್ತೆಂದು ಸ್ಪಷ್ಟವಾಗಿ ಹೇಳಿದೆ.

ಇದೇ ಸ್ಥಳದಲ್ಲಿ ಮತ್ತೊಂದು ಕಹಿಯಾದ ಮಾತನ್ನು ಹೇಳದೆ ವಿಧಿಯಿಲ್ಲ. ವರದಕ್ಷಿಣೆಯು 1961ರಿಂದ ನಿಷಿದ್ಧ. ಆದರೆ ಅದು ವೇಷ ಬದಲಿಸಬಲ್ಲ ಪ್ರಾಣಿ. “ನಮಗೇನೂ ಬೇಡ, ನಿಮ್ಮ ಮಗಳ ವೀಸಾಕ್ಕೆ ಬೇಕಾದುದನ್ನು ನೀವೇ ಇಡಿ” ಎಂದು ಗಂಡಿನ ಕಡೆಯವರು ಹೇಳಿದಾಗ ಅದು ವರದಕ್ಷಿಣೆಯೋ ಅಲ್ಲವೋ? ಮೂರು ಗುರುತುಗಳಿಂದ ಇದನ್ನು ತಿಳಿಯಬಹುದು. ಮಾತನ್ನು ಮೊದಲು ಆಡಿದವರು ಯಾರು? ಹಣವು ಯಾರ ಹೆಸರಿನಲ್ಲಿ ನಿಲ್ಲುತ್ತದೆ? ಒಲ್ಲೆನೆಂದರೆ ಸಂಬಂಧವು ನಿಲ್ಲುತ್ತದೆಯೋ ಮುರಿಯುತ್ತದೆಯೋ? ಕೇಳಿದವರು ಅವರು, ಹೆಸರು ಅವನದು, ಒಲ್ಲೆನೆಂದರೆ ಮದುವೆಯಿಲ್ಲ ಎಂದಾದರೆ, ಅದಕ್ಕೆ ಯಾವ ದೇಶದ ಕಾನೂನಿನ ಹೊದಿಕೆ ಹೊದಿಸಿದರೂ ಅದು ವರದಕ್ಷಿಣೆಯೇ.

ಇನ್ನು ಮೂರನೆಯದು ಸತ್ಯದ ಪ್ರಶ್ನೆ. ಮನೆಯಲ್ಲಿ ಹಣವಿಲ್ಲ, ಪರಿಚಯದ ದಲ್ಲಾಳಿ ಅಂಗಡಿಯವರು ಆರು ತಿಂಗಳ ಮಟ್ಟಿಗೆ ಕೊಡಲು ಸಿದ್ಧರಿದ್ದಾರೆ, ಖಾತೆಯಲ್ಲಿಟ್ಟು, ಇದು ದಾನವೆಂದು ಪತ್ರ ಬರೆಯಿಸಿ, ಅನುಮತಿ ಬಂದ ಮರುದಿನ ಹಿಂದಿರುಗಿಸಿದರೆ ಆಯಿತು. ಇದರಲ್ಲಿ ತಪ್ಪೇನು? ಪೂರ್ವಪಕ್ಷವನ್ನು ಬಲವಾಗಿಯೇ ಹೇಳೋಣ. ಹಣವು ಬರಿಯ ಪ್ರದರ್ಶನಕ್ಕೆ. ಅದನ್ನು ಅವರೂ ಮುಟ್ಟುವುದಿಲ್ಲ, ಇವರೂ ಮುಟ್ಟುವುದಿಲ್ಲ. ಯಾರಿಗೂ ನಷ್ಟವಿಲ್ಲ. ನಿಯಮವೇ ಪೂರ್ಣವಾಗಿ ನ್ಯಾಯವಲ್ಲವೆಂದು ನೀವೇ ಒಪ್ಪಿದ್ದೀರಿ. ಅನ್ಯಾಯದ ಬೇಲಿಯನ್ನು ಹಾರಿ ಗಂಡನನ್ನು ಸೇರುವುದು ಪಾಪವೆ?

ಇದಕ್ಕೆ ಉತ್ತರ ಸುಲಭವಲ್ಲ, ಆದರೆ ಉತ್ತರವುಂಟು. ನಿಯಮವು ಅನ್ಯಾಯವಾದರೆ ಅದನ್ನು ಅನ್ಯಾಯವೆಂದು ಹೇಳಬಹುದು, ನ್ಯಾಯಾಲಯದಲ್ಲಿ ಎದುರಿಸಬಹುದು. ಅಲ್ಲಿಯ ದಂಪತಿಗಳು ಹಾಗೆ ಎದುರಿಸಿಯೇ 2017ರ ತೀರ್ಪನ್ನು ಪಡೆದರು. ಸುಳ್ಳುಪತ್ರವಾದರೋ ನಿಯಮವನ್ನು ಎದುರಿಸುವುದಿಲ್ಲ; ಅದಕ್ಕೆ ತಲೆಬಾಗಿದಂತೆ ನಟಿಸುತ್ತದೆ, ನಿಯಮವನ್ನು ಇನ್ನಷ್ಟು ಬಿಗಿಮಾಡುವವರಿಗೆ ಕಾರಣವನ್ನೂ ಒದಗಿಸುತ್ತದೆ. ಅದರ ದಂಡವನ್ನು ತೆರುವವರು ಮುಂದಿನ ಪ್ರಾಮಾಣಿಕ ಅರ್ಜಿದಾರರು. ಇದಲ್ಲದೆ, ಆ ಪತ್ರಕ್ಕೆ ಸಹಿ ಹಾಕುವವನು ಯಾರು? ಒಂದು ಜೀವಮಾನವೆಲ್ಲ ಬಾಯಿಮಾತಿನ ಮೇಲೆ ಬತ್ತದ ವ್ಯಾಪಾರ ಮಾಡಿದ ಹಿರಿಯನನ್ನು, ಮುಪ್ಪಿನಲ್ಲಿ ಮೊಮ್ಮಗಳ ಸುಖಕ್ಕಾಗಿ ಸುಳ್ಳುಗಾರನನ್ನಾಗಿ ಮಾಡುತ್ತೇವೆ. ಬಯಲಾದರೆ ಅನುಮತಿಯೂ ಹೋಯಿತು; ಬಯಲಾಗದಿದ್ದರೂ ಹೊಸ ಸಂಸಾರದ ಮೊದಲ ಕಾಗದವೇ ಸುಳ್ಳಾಯಿತು.

ಆದರೆ ನಮ್ಮ ಸಮಾಜದಲ್ಲಿ ದಾನಕ್ಕೂ ಸಾಲಕ್ಕೂ ನಡುವಣ ಗೆರೆಯು ಅಷ್ಟು ನೇರವಾಗಿಲ್ಲವೆಂಬುದನ್ನೂ ಒಪ್ಪಬೇಕು. ಮುಯ್ಯಿಯನ್ನು ನೋಡಿರಿ. ಮದುವೆಯ ಚಪ್ಪರದಲ್ಲಿ ಕೂತು ಮುಯ್ಯಿ ಬರೆದುಕೊಳ್ಳುತ್ತಾರೆ. ಕೊಟ್ಟವನು ಕೇಳುವುದಿಲ್ಲ, ಪಡೆದವನು ಮರೆಯುವುದಿಲ್ಲ. ಅವರ ಮನೆಯ ಶುಭಕಾರ್ಯದಂದು ಅದು ಸ್ವಲ್ಪ ಬೆಳೆದೇ ಹಿಂದಿರುಗುತ್ತದೆ. ಇದು ದಾನವೆ, ಸಾಲವೆ? ಎರಡೂ ಅಲ್ಲ, ಇದು ಬಾಳಿನ ಕೊಡುಕೊಳೆ. ಮಾವನು ಕೊಟ್ಟ ಹಣವನ್ನು, “ಮುಂದೆ ಅನುಕೂಲವಾದರೆ ತಮ್ಮನ ಓದಿಗೆ ನೆರವಾಗು” ಎಂಬ ಮಾತಿನೊಡನೆ ಪಡೆದವಳು, ದಾನವೆಂದು ಬರೆಯಬಹುದೆ?

ಇದಕ್ಕೆ ನಾವು ಸೂಚಿಸುವ ಒರೆಗಲ್ಲು ಒಂದೇ. ಹಣವು ಹಿಂದಿರುಗದಿದ್ದರೆ ಕೊಟ್ಟವನು ಅದನ್ನು ಹಕ್ಕಿನಿಂದ ಕೇಳುವನೆ? ಕೇಳುವನಾದರೆ ಅದು ಸಾಲ. ಕೇಳದೆ, ಮನಸ್ಸಿನಲ್ಲಿ ನೊಂದುಕೊಂಡರೂ, ಕೊಟ್ಟದ್ದು ಕೊಟ್ಟೆನೆಂದು ಸುಮ್ಮನಿರುವನಾದರೆ ಅದು ದಾನ. ಪಡೆದವಳ ಕೃತಜ್ಞತೆಯು ದಾನವನ್ನು ಸಾಲವಾಗಿ ಮಾಡುವುದಿಲ್ಲ. ಕೊಟ್ಟವನ ಹಕ್ಕು ಮಾತ್ರ ಮಾಡುತ್ತದೆ. ಆದಕಾರಣ ದಾನಪತ್ರಕ್ಕೆ ಸಹಿ ಹಾಕುವ ಮುನ್ನ ತಂದೆಯು ಒಂದು ರಾತ್ರಿ ಕುಳಿತು ತನ್ನನ್ನೇ ಕೇಳಿಕೊಳ್ಳಲಿ: ಈ ಹಣವು ಎಂದಿಗೂ ಬರದಿದ್ದರೂ ನಾನೂ ನನ್ನವಳೂ ಉಣ್ಣಬಲ್ಲೆವೆ? ಉಳಿದ ಮಕ್ಕಳ ಮುಖವನ್ನು ನೋಡಬಲ್ಲೆನೆ? ಹೌದೆಂದಾದರೆ ಬರೆಯಲಿ. ಅಲ್ಲವೆಂದಾದರೆ, ಇಷ್ಟು ಕೊಡಬಲ್ಲೆ, ಅಷ್ಟು ಕೊಡಲಾರೆ ಎಂದು ಮಗಳಿಗೆ ಹೇಳಲಿ. ಆ ಮಾತು ಕಠೋರವಾಗಿ ಕೇಳಿಸಿದರೂ ಅದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಮಿಕ್ಕ ಕೊರತೆಗೆ ಕಾಲವೊಂದೇ ಔಷಧ: ಗಂಡನ ಆದಾಯ ಬೆಳೆಯುವವರೆಗೆ ಕಾಯುವುದು, ಇಲ್ಲವೆ ಅವನೇ ಇಲ್ಲಿಗೆ ಬಂದು ಬಾಳುವುದು. ಎರಡನೆಯದನ್ನು ಸೋಲೆಂದು ಎಣಿಸುವುದು ನಮ್ಮ ಕಾಲದ ಒಂದು ಭ್ರಮೆ.

ಒಟ್ಟಿನಲ್ಲಿ, ಧನವನ್ನು ತೋರಿಸಿ ದಾಂಪತ್ಯವನ್ನು ಕೂಡಿಸಿಕೊಳ್ಳುವುದರಲ್ಲಿ ಸ್ವತಃ ದೋಷವಿಲ್ಲ. ಗೃಹಸ್ಥಾಶ್ರಮವು ಅರ್ಥವನ್ನು ಎಂದೂ ಹೀಗಳೆದಿಲ್ಲ. ಆದರೆ ಆ ಧನವು ಕೊಡಲು ಅಧಿಕಾರವುಳ್ಳವರು ಕೊಟ್ಟುದಾಗಿರಬೇಕು. ಹೆಣ್ಣಿನದಾದರೆ ಹೆಣ್ಣಿನ ಕೈಯಲ್ಲಿಯೇ ಉಳಿಯಬೇಕು. ಕಾಗದದಲ್ಲಿ ಬರೆದ ಮಾತು ಮನೆಯೊಳಗೂ ನಿಜವಾಗಿರಬೇಕು. ಈ ಮೂರನ್ನು ಉಳಿಸಿಕೊಂಡು ಹೊಸ್ತಿಲು ದಾಟಿದವರಿಗೆ, ತಡವಾಗಿ ದಾಟಿದರೂ, ಹಿಂದೆ ಬಿಟ್ಟುಬಂದ ಮನೆಯ ಕಡೆಗೆ ತಲೆಯೆತ್ತಿ ನೋಡುವ ಧೈರ್ಯವಿರುತ್ತದೆ. ಪರದೇಶದ ಬಾಳಿಗೆ ಅದಕ್ಕಿಂತ ಒಳ್ಳೆಯ ಇಡುಗಂಟನ್ನು ನಾವು ಕಾಣೆವು.